ಖಾಲಿ ರೈಲಿನ ಖರ್ಚು ಯಾರ ಲೆಕ್ಕಕ್ಕೆ?

2020ರ ಏಪ್ರಿಲ್‌ನಿಂದ ಜೂನ್‌ವರೆಗೆ ಬ್ರಿಟನ್ನಿನ ರೈಲುಗಳಲ್ಲಿ ನಡೆದ ಪ್ರಯಾಣಗಳು ಒಟ್ಟು ಮೂರೂವರೆ ಕೋಟಿ. ಹಿಂದಿನ ವರ್ಷ ಅದೇ ಮೂರು ತಿಂಗಳಲ್ಲಿ ಈ ಸಂಖ್ಯೆ ಸುಮಾರು 43 ಕೋಟಿ 70 ಲಕ್ಷ ಇತ್ತು. ನೂರು ಜನ ಹತ್ತುತ್ತಿದ್ದ ಕಡೆ ಎಂಟು ಜನ. ಗಿರಾಕಿಗಳು ಈ ಪ್ರಮಾಣದಲ್ಲಿ ಮಾಯವಾದರೆ ಬೇರೆ ವ್ಯಾಪಾರಗಳಲ್ಲಿ ಸರಕು ತರಿಸುವುದು ನಿಲ್ಲುತ್ತದೆ, ಖರ್ಚಿನ ದೊಡ್ಡ ಪಾಲು ತಾನಾಗಿಯೇ ಕರಗುತ್ತದೆ. ರೈಲಿನಲ್ಲಿ ಹಾಗಾಗಲಿಲ್ಲ. ಹಳಿಯ ಮೇಲೆ ಮಳೆ ಬಿಸಿಲು ಮಾಮೂಲಿನಂತೆ ಬಿತ್ತು. ಸಿಗ್ನಲ್ ನಿಯಂತ್ರಣ ಕೊಠಡಿಯಲ್ಲಿ ಪಾಳಿಯ ಮೇಲೆ ಯಾರೋ ಕೂರಲೇಬೇಕಿತ್ತು. ರೈಲುಗಳ ಬಾಡಿಗೆಯನ್ನು ಕಟ್ಟಲೇಬೇಕಿತ್ತು. ಆ ಹಣಕಾಸು ವರ್ಷದಲ್ಲಿ ದಿನನಿತ್ಯದ ರೈಲು ಸಂಚಾರಕ್ಕೆಂದು ಸರ್ಕಾರ ಹಿಂದಿನ ವರ್ಷಕ್ಕಿಂತ ಸುಮಾರು ಸಾವಿರ ಕೋಟಿ ಪೌಂಡ್ ಹೆಚ್ಚು ಸುರಿಯಬೇಕಾಯಿತು. ಖಾಸಗಿ ಕಂಪನಿಗಳಿಗೆ ಮಾರ್ಗಗಳನ್ನು ಹರಾಜಿಗಿಡುವ, ಕಾಲು ಶತಮಾನದಿಂದ ನಡೆದುಬಂದ ಫ್ರಾಂಚೈಸಿ ಪದ್ಧತಿ ಅದೇ ಸೆಪ್ಟೆಂಬರ್‌ನಲ್ಲಿ ಕೊನೆಯಾಯಿತು.

ಯಾರೂ ಬೇಕೆಂದು ಮಾಡದ ಈ ಪ್ರಯೋಗ ಪ್ರಯಾಣಿಕ ರೈಲಿನ ಖರ್ಚಿನ ಸ್ವರೂಪವನ್ನು ಬಯಲು ಮಾಡಿತು. ಜನರನ್ನು ಒಯ್ಯುವುದಕ್ಕೆ ಆಗುವ ಖರ್ಚು ಕಡಿಮೆ. ಜನ ಬಂದರೆ ಒಯ್ಯಲು ಸಿದ್ಧವಾಗಿ ನಿಂತಿರುವುದಕ್ಕೆ ಆಗುವ ಖರ್ಚು ಅಪಾರ. ರೈಲ್ವೆಯ ನಷ್ಟ, ಸಬ್ಸಿಡಿ, ಟಿಕೆಟ್ ದರ ಏರಿಕೆ, ಹಳ್ಳಿ ಮಾರ್ಗಗಳ ರದ್ದತಿ, ಖಾಸಗೀಕರಣ, ರಾಷ್ಟ್ರೀಕರಣ ಎಂದು ನಡೆಯುವ ಬಹುಪಾಲು ಜಗಳಗಳು ಈ ಒಂದು ಸಂಗತಿಯನ್ನು ಮರೆತೇ ನಡೆಯುತ್ತವೆ. "ಈ ರೈಲಿಗೆ ಇಷ್ಟು ಖರ್ಚು, ಇಷ್ಟು ಆದಾಯ, ಆದ್ದರಿಂದ ಇಷ್ಟು ನಷ್ಟ" ಎಂದು ಯಾರಾದರೂ ಹೇಳಿದಾಗ ಆ ಮೊದಲನೆಯ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳುವವರು ವಿರಳ. ಅದು ಅಳತೆಪಟ್ಟಿ ಹಿಡಿದು ಅಳೆದ ಸಂಖ್ಯೆಯಲ್ಲ, ಯಾರೋ ಕೂತು ಹಂಚಿದ ಸಂಖ್ಯೆ.

ನಾಲ್ಕು ಪ್ರಶ್ನೆ, ನಾಲ್ಕು ಉತ್ತರ

ಹೊರಡಲು ಸಿದ್ಧವಾಗಿ ನಿಂತ ರೈಲಿನಲ್ಲಿ ಒಂದು ಸೀಟು ಖಾಲಿ ಇದೆ ಎಂದುಕೊಳ್ಳಿ. ಕೊನೆಯ ಗಳಿಗೆಯಲ್ಲಿ ಒಬ್ಬರು ಓಡಿ ಬಂದು ಹತ್ತಿದರು. ಅವರಿಂದ ರೈಲ್ವೆಗೆ ಆದ ಹೆಚ್ಚುವರಿ ಖರ್ಚು ಎಷ್ಟು? ಒಂದಿಷ್ಟು ವಿದ್ಯುತ್ತು, ಶೌಚಾಲಯದ ಒಂದಿಷ್ಟು ನೀರು. ಹೆಚ್ಚುಕಡಿಮೆ ಸೊನ್ನೆ.

ಈಗ ಸೀಟುಗಳೆಲ್ಲ ತುಂಬಿ ಇನ್ನೊಂದು ಬೋಗಿ ಜೋಡಿಸಬೇಕಾಯಿತು. ಬೋಗಿಯ ಬೆಲೆ ಮೇಲಿನ ಬಡ್ಡಿ, ಸವಕಳಿ, ಚಕ್ರ, ಬ್ರೇಕು, ಸ್ವಚ್ಛತೆ ಇವೆಲ್ಲ ಲೆಕ್ಕಕ್ಕೆ ಬಂದವು, ಚಾಲಕನ ಸಂಬಳ ಮಾತ್ರ ಬರಲಿಲ್ಲ. ಇನ್ನೊಂದು ಇಡೀ ರೈಲನ್ನೇ ಓಡಿಸಬೇಕಾದರೆ ಚಾಲಕ, ಗಾರ್ಡ್, ಡಿಪೊದಲ್ಲಿ ನಿಲ್ಲಲು ಜಾಗ ಎಲ್ಲ ಸೇರಿಕೊಳ್ಳುತ್ತವೆ. ಆ ರೈಲಿಗೆ ಇರುವ ಹಳಿಯಲ್ಲಿ ಜಾಗವೇ ಇಲ್ಲ, ಇನ್ನೊಂದು ಜೊತೆ ಹಳಿ ಹಾಕಬೇಕು ಎಂದಾದರೆ ಖರ್ಚು ಒಮ್ಮೆಗೇ ಆಕಾಶಕ್ಕೆ ನೆಗೆಯುತ್ತದೆ.

ಹತ್ತಿದವರು ಪ್ರತಿ ಸಲವೂ ಒಬ್ಬರೇ ಪ್ರಯಾಣಿಕರು. ಅವರ ಖರ್ಚು ಸೊನ್ನೆಯೂ ಆಗಬಹುದು, ಸಾವಿರಾರು ಕೋಟಿಯ ಹಳಿಯೂ ಆಗಬಹುದು. ಹೀಗಿರುವಾಗ "ಒಬ್ಬ ಪ್ರಯಾಣಿಕರಿಗೆ ಕಿಲೋಮೀಟರಿಗೆ ಇಷ್ಟು ಖರ್ಚು" ಎಂಬ ಸರಾಸರಿ ನಮಗೆ ಹೇಳುವುದು ಬಹಳ ಕಡಿಮೆ. ವಾರ್ಷಿಕ ವರದಿಗೆ ಅದು ಬೇಕು, ನಿಜ. ಆದರೆ ಒಂದು ರೈಲನ್ನು ಓಡಿಸಬೇಕೇ ನಿಲ್ಲಿಸಬೇಕೇ ಎಂದು ತೀರ್ಮಾನಿಸಲು ಹೊರಟವರು ಆ ಸರಾಸರಿಯನ್ನು ನೆಚ್ಚಿಕೊಂಡರೆ ದಾರಿ ತಪ್ಪುತ್ತಾರೆ.

ಜನ ಸಾಮಾನ್ಯವಾಗಿ ಇಂಧನವೇ ದೊಡ್ಡ ಖರ್ಚು ಎಂದುಕೊಂಡಿರುತ್ತಾರೆ. ಕಾರು ಓಡಿಸುವವರಿಗೆ ಬಂಕಿನಲ್ಲಿ ಕೈಬಿಡುವ ದುಡ್ಡೇ ಕಣ್ಣಿಗೆ ಕಾಣುವುದರಿಂದ ರೈಲಿಗೂ ಅದೇ ಲೆಕ್ಕ ಹಾಕುತ್ತಾರೆ. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವಾಗ ಎದುರಾಗುವ ತಡೆ ರಬ್ಬರ್ ಟೈರಿಗೆ ಹೋಲಿಸಿದರೆ ತೀರಾ ಅಲ್ಪ. ವಿದ್ಯುತ್ ರೈಲಾದರೆ ಬ್ರೇಕು ಹಾಕುವಾಗ ಮೋಟಾರೇ ಜನರೇಟರ್ ಆಗಿ ಒಂದಷ್ಟು ವಿದ್ಯುತ್ತನ್ನು ತಂತಿಗೆ ಮರಳಿಸುತ್ತದೆ. ಹಾಗಾಗಿ ಹೆಚ್ಚಿನ ರೈಲ್ವೆಗಳಲ್ಲಿ ಶಕ್ತಿಯ ಬಿಲ್ಲು ಸಿಬ್ಬಂದಿಯ ಬಿಲ್ಲಿನ ಹತ್ತಿರಕ್ಕೂ ಸುಳಿಯುವುದಿಲ್ಲ. ದೊಡ್ಡ ಖರ್ಚುಗಳು ಮೂರು: ಮನುಷ್ಯರು, ರೈಲುಗಳು, ಹಳಿ. ಮೂರೂ ರೈಲು ಓಡಲಿ ಬಿಡಲಿ ತಿನ್ನುತ್ತಲೇ ಇರುತ್ತವೆ.

ನಿಧಾನಗತಿಯ ರೈಲು ದುಬಾರಿ

ಮೊದಲ ಎರಡನ್ನು ಒಟ್ಟಿಗೆ ನೋಡಬೇಕು, ಏಕೆಂದರೆ ಎರಡನ್ನೂ ಬಾಡಿಗೆಗೆ ತೆಗೆದುಕೊಳ್ಳುವುದು ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ, ಗಂಟೆಯ ಲೆಕ್ಕದಲ್ಲಿ. ಚಾಲಕರಿಗೆ ಸಂಬಳ ಕೊಡುವುದು ಪಾಳಿಗೆ. ಅವರು ಆ ಎಂಟು ಗಂಟೆಯಲ್ಲಿ ಎಂಟುನೂರು ಕಿಲೋಮೀಟರ್ ಓಡಿಸಿದರೂ ಇನ್ನೂರು ಓಡಿಸಿದರೂ ಸಂಬಳ ಒಂದೇ. ರೈಲಿನ ಸಾಲಕ್ಕೆ ಬಡ್ಡಿ ಬೆಳೆಯುವುದೂ ದಿನಕ್ಕೆ.

ಒಂದು ಸಣ್ಣ ಲೆಕ್ಕ ನೋಡೋಣ. ಎರಡು ಊರುಗಳ ನಡುವೆ ರೈಲಿಗೆ ನಾಲ್ಕು ಗಂಟೆ ಹಿಡಿಯುತ್ತದೆ. ತುದಿ ಮುಟ್ಟಿದ ಮೇಲೆ ಸ್ವಚ್ಛಗೊಳಿಸಿ ತಿರುಗಿ ಹೊರಡಲು ಅರ್ಧ ಗಂಟೆ. ಹೋಗಿ ಬಂದು ಮತ್ತೆ ಹೊರಡುವಷ್ಟರಲ್ಲಿ ಒಂಬತ್ತು ಗಂಟೆ. ಗಂಟೆಗೊಂದು ರೈಲು ಬಿಡಬೇಕಾದರೆ ಒಂಬತ್ತು ರೇಕುಗಳು, ಎಂದರೆ ಬೋಗಿ ಜೋಡಿಸಿದ ಒಂಬತ್ತು ಪೂರ್ತಿ ರೈಲುಗಳು ಬೇಕು. ಹಳಿಯನ್ನು ಸರಿಪಡಿಸಿ, ಒಂದೆರಡು ತಿರುವುಗಳನ್ನು ನೇರ ಮಾಡಿ ಪ್ರಯಾಣವನ್ನು ಮೂರೂವರೆ ಗಂಟೆಗೆ ಇಳಿಸಿದರೆ ಸುತ್ತು ಎಂಟು ಗಂಟೆಗೆ ಮುಗಿಯುತ್ತದೆ. ಅದೇ ಸೇವೆಗೆ ಈಗ ಎಂಟು ರೇಕು ಸಾಕು. ಒಂದು ಇಡೀ ರೈಲು, ಅದನ್ನು ಓಡಿಸುತ್ತಿದ್ದ ಸಿಬ್ಬಂದಿ, ಅದು ನಿಲ್ಲುತ್ತಿದ್ದ ಡಿಪೊ ಜಾಗ ಎಲ್ಲ ಉಳಿಯಿತು. ಮೇಲಾಗಿ ಬೇಗ ಮುಟ್ಟುತ್ತದೆಂದು ಪ್ರಯಾಣಿಕರೂ ಹೆಚ್ಚಾಗುತ್ತಾರೆ. ತೆವಳುವ ರೈಲೆಂದರೆ ಅಗ್ಗದ ರೈಲು ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ತೀರಾ ಹೆಚ್ಚಿನ ವೇಗಕ್ಕೆ ಹೋದರೆ ಗಾಳಿಯ ತಡೆ, ಹಳಿಯ ನಿಖರತೆ, ಬಿಡಿಭಾಗಗಳ ಸವೆತ ಬೇರೆ ರೀತಿಯಲ್ಲಿ ವಸೂಲಿ ಮಾಡುತ್ತವೆ. ಆದರೆ ಗಂಟೆಗೆ ಐವತ್ತರಿಂದ ನೂರಕ್ಕೆ ಏರುವುದರಲ್ಲಿ ಲಾಭವೇ ಹೆಚ್ಚು.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಸ್ವಿಸ್ಸರು. ಜ್ಯೂರಿಕ್ ಮತ್ತು ಬೆರ್ನ್ ನಡುವೆ ಹೊಸ ಹಳಿ ಹಾಕುವಾಗ ಎಷ್ಟು ವೇಗ ಸಾಧ್ಯ ಎಂದು ಅವರು ಕೇಳಲಿಲ್ಲ, ಎಷ್ಟು ವೇಗ ಸಾಕು ಎಂದು ಕೇಳಿದರು. ಪ್ರತಿ ಗಂಟೆ ಹೊಡೆಯುವ ಆಸುಪಾಸಿನಲ್ಲಿ ಎಲ್ಲ ದಿಕ್ಕಿನ ರೈಲುಗಳೂ ದೊಡ್ಡ ನಿಲ್ದಾಣಗಳಲ್ಲಿ ಒಟ್ಟು ಸೇರಿ, ಜನ ಅದಲುಬದಲಾಗಿ, ಮತ್ತೆ ಹೊರಡಬೇಕಾದರೆ ಎರಡು ಊರುಗಳ ನಡುವಿನ ಓಟ ಒಂದು ಗಂಟೆಗಿಂತ ತುಸು ಕಡಿಮೆ ಇದ್ದರೆ ಆಯಿತು. 2004ರ ಡಿಸೆಂಬರ್‌ನಲ್ಲಿ ಆ ಓಟ 56 ನಿಮಿಷಕ್ಕೆ ಇಳಿಯಿತು, ಅಲ್ಲಿಗೆ ನಿಂತಿತು. ನಲವತ್ತು ನಿಮಿಷಕ್ಕೆ ಇಳಿಸಿದ್ದರೆ ಪತ್ರಿಕೆಗಳಲ್ಲಿ ಫೋಟೊ ಬರುತ್ತಿತ್ತು, ರೈಲು ಮಾತ್ರ ಮುಂದಿನ ಸಂಪರ್ಕಕ್ಕೆ ಕಾಯುತ್ತ ನಿಲ್ದಾಣದಲ್ಲಿ ನಿಂತಿರುತ್ತಿತ್ತು. ನಿಂತ ರೈಲು ದುಡಿಯುವುದಿಲ್ಲ. ಟೋಕಿಯೊ ನಿಲ್ದಾಣದಲ್ಲಿ ಶಿಂಕಾನ್‌ಸೆನ್ ಬುಲೆಟ್ ರೈಲನ್ನು ಏಳು ನಿಮಿಷದಲ್ಲಿ ಗುಡಿಸಿ ಒರೆಸಿ ಸೀಟು ತಿರುಗಿಸಿ ಇಳಿದುಬಿಡುವ ಸ್ವಚ್ಛತಾ ತಂಡವನ್ನು ಪ್ರವಾಸಿಗರು ವಿಡಿಯೊ ಮಾಡಿಕೊಳ್ಳುತ್ತಾರೆ. ಅದನ್ನು ಶಿಸ್ತು, ಸಂಸ್ಕೃತಿ ಎಂದು ಹೊಗಳುವುದು ಸರಿಯೇ. ಆದರೆ ಆ ಏಳು ನಿಮಿಷ ಹದಿನೈದಾದರೆ ಎಷ್ಟು ರೈಲುಗಳನ್ನು ಹೆಚ್ಚಿಗೆ ಕೊಳ್ಳಬೇಕು, ಎಷ್ಟು ಪ್ಲಾಟ್‌ಫಾರ್ಮ್ ಹೆಚ್ಚಿಗೆ ಕಟ್ಟಬೇಕು ಎಂಬ ಲೆಕ್ಕವೂ ಆ ಪೊರಕೆಯ ಹಿಂದೆ ಇದೆ.

ಕಿಕ್ಕಿರಿದರೂ ನಷ್ಟ

ಬೆಳಿಗ್ಗೆ ಎಂಟೂವರೆಯ ಉಪನಗರ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇಷ್ಟು ಜನ ತುಂಬಿಯೂ ನಷ್ಟವೇ ಎಂದು ಬಾಗಿಲಲ್ಲಿ ಜೋತಾಡುವವರು ಕೇಳಿದರೆ ತಪ್ಪಿಲ್ಲ. ಮಧ್ಯಾಹ್ನ ಎರಡಕ್ಕೆ ಅದೇ ಮಾರ್ಗದಲ್ಲಿ ಹತ್ತಿಪ್ಪತ್ತು ಜನರನ್ನು ಹೊತ್ತು ಸಾಗುವ ರೈಲನ್ನು ನೋಡಿದವರು ದುಡ್ಡು ದಂಡ ಎನ್ನುತ್ತಾರೆ. ಲೆಕ್ಕ ಬಹುಮಟ್ಟಿಗೆ ಉಲ್ಟಾ.

ಒಂದು ಮಾರ್ಗಕ್ಕೆ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮೂವತ್ತು ರೈಲು ಬೇಕು, ಉಳಿದ ಹೊತ್ತಿನಲ್ಲಿ ಹನ್ನೆರಡು ಸಾಕು ಎಂದಿಟ್ಟುಕೊಳ್ಳಿ. ಹದಿನೆಂಟು ರೈಲುಗಳು ದಿನಕ್ಕೆ ನಾಲ್ಕು ಗಂಟೆ ದುಡಿಯಲೆಂದೇ ಇವೆ. ಆ ನಾಲ್ಕು ಗಂಟೆಯಲ್ಲೂ ಒಂದು ದಿಕ್ಕಿಗೆ ತುಂಬಿ ಹೋಗಿ ಇನ್ನೊಂದು ದಿಕ್ಕಿಗೆ ಖಾಲಿ ಬರುತ್ತವೆ. ಅವುಗಳ ಸಿಬ್ಬಂದಿಗೆ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎಂದು ಒಡೆದ ಪಾಳಿ ಕೊಡಬೇಕು ಅಥವಾ ನಡುವಿನ ಹೊತ್ತಿಗೂ ಸಂಬಳ ಕೊಡಬೇಕು. ಸಿಗ್ನಲ್ ವ್ಯವಸ್ಥೆ, ಪ್ಲಾಟ್‌ಫಾರ್ಮಿನ ಉದ್ದ, ವಿದ್ಯುತ್ ಉಪಕೇಂದ್ರದ ಸಾಮರ್ಥ್ಯ ಎಲ್ಲವನ್ನೂ ಆ ಎರಡು ಗಂಟೆಯ ನೂಕುನುಗ್ಗಲಿಗೆ ಅಳತೆ ಹಾಕಿಯೇ ಕಟ್ಟಿರುತ್ತಾರೆ. ಇದೆಲ್ಲಕ್ಕೂ ಕಾರಣರಾದ ಪ್ರಯಾಣಿಕರು ಹಿಡಿದಿರುವುದು ರಿಯಾಯಿತಿಯ ಸೀಸನ್ ಟಿಕೆಟ್. ಮಧ್ಯಾಹ್ನ ಎರಡರ ರೈಲಾದರೋ ಹೇಗೂ ಇರುವ ರೈಲು, ಹೇಗೂ ಇರುವ ಹಳಿ. ಅದರ ನಿಜವಾದ ಹೆಚ್ಚುವರಿ ಖರ್ಚು ಸ್ವಲ್ಪ ಕರೆಂಟು, ಸ್ವಲ್ಪ ಸವೆತ, ಚಾಲಕರ ಪಾಳಿಯ ಒಂದು ತುಂಡು.

ಬ್ರಿಟಿಷ್ ರೈಲ್ವೆಯ ಅಧ್ಯಕ್ಷರಾಗಿದ್ದ ರಿಚರ್ಡ್ ಬೀಚಿಂಗ್ 1963ರಲ್ಲಿ ಕೊಟ್ಟ ವರದಿಯಲ್ಲಿ ಇದರ ಅತಿರೇಕದ ಉದಾಹರಣೆ ಇದೆ. ಬೇಸಿಗೆ ರಜೆ ಮತ್ತು ಹಬ್ಬದ ದಟ್ಟಣೆಗೆಂದು ಇಟ್ಟುಕೊಂಡ 6,000 ಬೋಗಿಗಳು ವರ್ಷಕ್ಕೆ 18 ಸಲಕ್ಕಿಂತ ಹೆಚ್ಚು ಬಳಕೆಯಾಗುತ್ತಿರಲಿಲ್ಲ, ಅವುಗಳಲ್ಲಿ 2,000 ಬೋಗಿಗಳು ಹತ್ತು ಸಲಕ್ಕಿಂತಲೂ ಹೆಚ್ಚು ಹೊರಗೆ ಬರುತ್ತಿರಲಿಲ್ಲ. ಉಳಿದ ದಿನ ಅವು ಸೈಡಿಂಗಿನಲ್ಲಿ ತುಕ್ಕು ಹಿಡಿಯುತ್ತಿದ್ದವು. ಬೀಚಿಂಗ್ ಈ ಬೋಗಿಗಳ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಚರಿತ್ರೆ ಅವರನ್ನು ನೆನಪಿಟ್ಟುಕೊಂಡದ್ದು ಬೇರೆಯ ಕಾರಣಕ್ಕೆ.

ಕೊಂಬೆ ಕಡಿದರೆ ಏನು ಉಳಿಯುತ್ತದೆ

ಅದೇ ವರದಿಯ ಇನ್ನೊಂದು ಲೆಕ್ಕ ಹೀಗಿತ್ತು: ದೇಶದ ಮಾರ್ಗಗಳ ಮೂರನೇ ಒಂದು ಭಾಗದಲ್ಲಿ ನಡೆಯುತ್ತಿದ್ದ ಪ್ರಯಾಣ ಒಟ್ಟಾರೆಯ ಶೇ 1ರಷ್ಟು ಮಾತ್ರ. ಆ ಮಾರ್ಗಗಳನ್ನು ಕಿತ್ತು ಹಾಕಿ ಎಂದು ಅವರು ಬರೆದರು. ಸುಮಾರು 5,000 ಮೈಲಿ ಮಾರ್ಗ, 2,363 ನಿಲ್ದಾಣಗಳು ಮುಚ್ಚುವ ಪಟ್ಟಿಗೆ ಬಂದವು. ಎಲ್ಲವೂ ಮುಚ್ಚಲಿಲ್ಲ, ಆದರೂ ಬಹುಪಾಲು ಮುಚ್ಚಿದವು. ನಷ್ಟ ಮಾತ್ರ ನಿರೀಕ್ಷಿಸಿದಂತೆ ಇಳಿಯಲಿಲ್ಲ.

ಕಾರಣಗಳು ಎರಡು. ಮುಖ್ಯ ಮಾರ್ಗದಿಂದ ಕವಲೊಡೆದ ಕೊಂಬೆ ಮಾರ್ಗದಲ್ಲಿ ಹತ್ತಿದವರು ಆ ಏಳೆಂಟು ಮೈಲಿಗಷ್ಟೇ ಟಿಕೆಟ್ ಕೊಂಡವರಲ್ಲ. ಜಂಕ್ಷನ್‌ನಲ್ಲಿ ಇಳಿದು ಮುಖ್ಯ ಮಾರ್ಗದಲ್ಲಿ ನೂರಾರು ಮೈಲಿ ಹೋಗುತ್ತಿದ್ದರು. ಕೊಂಬೆಯನ್ನು ಕಡಿದಾಗ ಅವರು ಬಸ್ಸು ಹಿಡಿದು ಜಂಕ್ಷನ್‌ಗೆ ಬರುತ್ತಾರೆ ಎಂದು ಯೋಜಕರು ಎಣಿಸಿದ್ದರು. ಅವರು ಕಾರು ಕೊಂಡು ಇಡೀ ಪ್ರಯಾಣವನ್ನೇ ರಸ್ತೆಗೆ ಒಯ್ದರು. ಎರಡನೆಯದು ಹಂಚಿಕೆಯ ಮಾಯೆ. ಕೊಂಬೆ ಮಾರ್ಗದ ತಲೆಗೆ ಮುಖ್ಯ ಕಚೇರಿ, ಜಂಕ್ಷನ್ ನಿಲ್ದಾಣ, ಕಾರ್ಯಾಗಾರಗಳ ಖರ್ಚಿನ ಪಾಲನ್ನೂ ಕಟ್ಟಿದ್ದರೆ ಮಾರ್ಗ ಮುಚ್ಚಿದಾಗ ಆ ಪಾಲು ಮಾಯವಾಗುವುದಿಲ್ಲ, ಉಳಿದ ಮಾರ್ಗಗಳ ತಲೆಗೆ ಏರುತ್ತದೆ. ನಿನ್ನೆವರೆಗೆ ಕಷ್ಟಪಟ್ಟು ಗಳಿಸಿ ಉಣ್ಣುತ್ತಿದ್ದ ಮಾರ್ಗ ಇವತ್ತು ಕಾಗದದ ಮೇಲೆ ನಷ್ಟಕ್ಕಿಳಿಯುತ್ತದೆ. ಈಗ ಅದನ್ನೂ ಮುಚ್ಚಿ ಎನ್ನುವವರು ಸಿಗುತ್ತಾರೆ.

ಹಾಗೆಂದು ಪ್ರತಿ ಕೊಂಬೆಯನ್ನೂ ಉಳಿಸಿಕೊಳ್ಳಬೇಕು ಎನ್ನುವ ಭಾವುಕತೆಗೂ ನಾನು ಒಗ್ಗುವವನಲ್ಲ. ಹಿಮ ತೆಗೆಯುವ ಯಂತ್ರಕ್ಕೇ ಪ್ರಯಾಣಿಕರ ಆದಾಯ ಸಾಲದಂಥ ಮಾರ್ಗಗಳು ಇವೆ. ಜಪಾನಿನ ರಾಷ್ಟ್ರೀಯ ರೈಲ್ವೆಯನ್ನು 1987ರಲ್ಲಿ ಆರು ಪ್ರಯಾಣಿಕ ಕಂಪನಿಗಳು ಮತ್ತು ಒಂದು ಸರಕು ಕಂಪನಿಯಾಗಿ ಒಡೆದಾಗ ಉತ್ತರದ ಹೊಕ್ಕಾಯ್ಡೊ ದ್ವೀಪದ ಕಂಪನಿ ತನ್ನ ಕಾಲ ಮೇಲೆ ನಿಲ್ಲಲಾರದು ಎಂಬುದು ಗೊತ್ತಿದ್ದೇ ಒಂದು ನಿಧಿಯನ್ನು ಅದರ ಕೈಗಿತ್ತರು. ಆ ನಿಧಿಯ ಬಡ್ಡಿಯಿಂದ ನಷ್ಟ ತುಂಬಿಕೊಳ್ಳಬೇಕು ಎಂಬುದು ಏರ್ಪಾಡು. ಮುಂದೆ ಜಪಾನಿನ ಬಡ್ಡಿ ದರ ನೆಲ ಕಚ್ಚಿತು, ಹಳ್ಳಿಗಳು ಬರಿದಾದವು. 2016ರ ನವೆಂಬರ್‌ನಲ್ಲಿ ಆ ಕಂಪನಿ ತನ್ನ ಜಾಲದ ಸುಮಾರು ಅರ್ಧದಷ್ಟನ್ನು ಒಂಟಿಯಾಗಿ ನಡೆಸಿಕೊಂಡು ಹೋಗಲು ಆಗುವುದಿಲ್ಲ ಎಂದು ಕೈಚೆಲ್ಲಿತು. ಅಲ್ಲಿ ರೈಲು ಬೇಕೋ ಬೇಡವೋ ಎಂಬುದು ಆ ಊರುಗಳನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆ. ರೈಲ್ವೆಯ ಲೆಕ್ಕಪುಸ್ತಕದಲ್ಲಿ ಅದಕ್ಕೆ ಉತ್ತರ ಹುಡುಕಿದರೆ ಸಿಗದು.

ಹಳಿಯ ಋಣ

ಮೂರನೆಯ ದೊಡ್ಡ ಖರ್ಚು ಹಳಿ. ಲಾರಿ ಮಾಲೀಕರು ರಸ್ತೆ ಕಟ್ಟುವುದಿಲ್ಲ, ವಿಮಾನ ಕಂಪನಿ ಆಕಾಶ ಕಟ್ಟುವುದಿಲ್ಲ. ರೈಲ್ವೆ ಮಾತ್ರ ಅನಾದಿಯಿಂದಲೂ ತಾನು ಓಡುವ ದಾರಿಯನ್ನು ತಾನೇ ಹಾಸಿಕೊಂಡು ಬಂದಿದೆ. ಹೀಗಾಗಿ ಬೇರೆ ಸಾರಿಗೆಗಳೊಂದಿಗೆ ಅದರ ಹೋಲಿಕೆ ಯಾವತ್ತೂ ಸಮ ಆಗಿರಲಿಲ್ಲ. 1988ರಲ್ಲಿ ಸ್ವೀಡನ್ ಹಳಿಯನ್ನು ಒಂದು ಸರ್ಕಾರಿ ಸಂಸ್ಥೆಗೂ ರೈಲು ಓಡಿಸುವುದನ್ನು ಇನ್ನೊಂದಕ್ಕೂ ಕೊಟ್ಟು ಈ ಗಂಟು ಬಿಚ್ಚಲು ನೋಡಿತು. 1991ರಲ್ಲಿ ಐರೋಪ್ಯ ಸಮುದಾಯ ಎರಡರ ಲೆಕ್ಕವನ್ನೂ ಬೇರೆ ಬೇರೆ ಇಡಿ ಎಂದು ಸದಸ್ಯ ದೇಶಗಳಿಗೆ ವಿಧಿಸಿತು.

ಬೇರೆ ಮಾಡಿದ ಕೂಡಲೇ ಹುಟ್ಟಿದ ಪ್ರಶ್ನೆ: ಹಳಿಯ ಮೇಲೆ ಒಂದು ರೈಲು ಓಡಿದರೆ ಎಷ್ಟು ಬಾಡಿಗೆ ಕೇಳಬೇಕು? ಆ ರೈಲಿನಿಂದ ನೇರವಾಗಿ ಆದ ಸವೆತವನ್ನಷ್ಟೇ ಕೇಳಿದರೆ ಬಾಡಿಗೆ ಬಹಳ ಕಡಿಮೆ, ರೈಲುಗಳು ಹೆಚ್ಚುತ್ತವೆ, ಹಳಿಯ ಉಳಿದ ಖರ್ಚನ್ನು ತೆರಿಗೆದಾರರು ಹೊರಬೇಕು. ಸೇತುವೆ, ಸುರಂಗ, ಒಡ್ಡು, ಚರಂಡಿ, ಸಿಗ್ನಲ್ ಎಲ್ಲ ಸೇರಿಸಿ ಕೇಳಿದರೆ ಬಾಡಿಗೆ ಏರುತ್ತದೆ, ರೈಲುಗಳು ಕಡಿಮೆಯಾಗುತ್ತವೆ, ಉಳಿದ ರೈಲುಗಳ ಮೇಲೆ ಹೊರೆ ಇನ್ನಷ್ಟು ಏರುತ್ತದೆ. ಸ್ವೀಡನ್ ಮೊದಲ ದಾರಿಯ ಕಡೆಗೆ ವಾಲಿತು, ಫ್ರಾನ್ಸ್ ಎರಡನೆಯದರ ಕಡೆಗೆ.

ಯಜಮಾನ ಯಾರು ಎಂಬುದರ ಮೇಲೆ ಈ ಲೆಕ್ಕ ಹೇಗೆ ಮಗ್ಗಲು ಬದಲಿಸುತ್ತದೆ ನೋಡಿ. ಜಪಾನಿನಲ್ಲಿ ಹಳಿ ಪ್ರಯಾಣಿಕ ಕಂಪನಿಗಳದ್ದು. ಅದರ ಮೇಲೆ ಓಡುವ ಸರಕು ಕಂಪನಿ ತಾನು ಇಲ್ಲದಿದ್ದರೆ ಉಳಿಯುತ್ತಿದ್ದ ಖರ್ಚನ್ನಷ್ಟೇ ಕೊಡುತ್ತದೆ. ಅಮೆರಿಕದಲ್ಲಿ ಪರಿಸ್ಥಿತಿ ಕನ್ನಡಿಯಲ್ಲಿ ಕಂಡ ಹಾಗೆ: ಬಹುತೇಕ ಹಳಿ ಸರಕು ಕಂಪನಿಗಳದ್ದು, ಪ್ರಯಾಣಿಕ ಸಂಸ್ಥೆಯಾದ ಆಮ್‌ಟ್ರಾಕ್ ಕಾನೂನಿನ ಬಲದಿಂದ ಹೆಚ್ಚುವರಿ ಖರ್ಚನ್ನು ಮಾತ್ರ ಕೊಡುತ್ತದೆ. ಒಂದೇ ತತ್ವದಿಂದ ಜಪಾನಿನಲ್ಲಿ ಸರಕು ಸಾಗಣೆ ಅಗ್ಗವಾಗಿ ಕಾಣುತ್ತದೆ, ಅಮೆರಿಕದಲ್ಲಿ ಪ್ರಯಾಣ ಅಗ್ಗವಾಗಿ ಕಾಣುತ್ತದೆ.

ಭಾರತೀಯ ರೈಲ್ವೆಯಲ್ಲಿ ಎರಡೂ ಒಂದೇ ಮನೆಯೊಳಗೆ ಇವೆ. 100 ರೂಪಾಯಿ ಖರ್ಚಾಗುವ ಪ್ರಯಾಣಕ್ಕೆ 54 ರೂಪಾಯಿಯಷ್ಟೇ ಪಡೆಯುತ್ತಿದ್ದೇವೆ ಎಂದು 2022-23ರ ಲೆಕ್ಕ ಹಿಡಿದು ಸಚಿವಾಲಯ ಹೇಳಿತ್ತು. ಕೊರತೆಯನ್ನು ತುಂಬುವುದು ಗೂಡ್ಸ್ ರೈಲಿನ ಲಾಭ. ಆದರೆ ಒಂದೇ ಹಳಿ, ಒಂದೇ ಸಿಗ್ನಲ್, ಒಂದೇ ನಿಯಂತ್ರಣ ಕಚೇರಿಯ ಖರ್ಚನ್ನು ಎರಡರ ನಡುವೆ ಯಾವ ಪ್ರಮಾಣದಲ್ಲಿ ಹಂಚಿದ್ದಾರೆ ಎಂಬುದರ ಮೇಲೆ ಆ 100 ಎಂಬ ಸಂಖ್ಯೆ ನಿಂತಿದೆ. ಪ್ರಯಾಣಿಕ ರೈಲಿಗೆ ಆದ್ಯತೆ ಕೊಟ್ಟು ಗೂಡ್ಸ್ ರೈಲನ್ನು ಲೂಪ್ ಲೈನಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿದ್ದರ ಖರ್ಚು ಯಾರದು? ಗೂಡ್ಸ್ ದರ ಏರಿಸುತ್ತ ಹೋದ ಹಾಗೆ ಸರಕು ಲಾರಿಗೆ ಜಾರಿತು. 1950ರ ದಶಕದ ಆರಂಭದಲ್ಲಿ ದೇಶದ ಸರಕಿನ ಬಹುಪಾಲು ರೈಲಿನಲ್ಲೇ ಹೋಗುತ್ತಿತ್ತು, ಈಗ ಮೂರನೇ ಒಂದು ಭಾಗವೂ ಹೋಗುವುದಿಲ್ಲ. ಅದಕ್ಕೆ ದರವೊಂದೇ ಕಾರಣವಲ್ಲ, ಆದರೆ ದರವೂ ಒಂದು ಕಾರಣ. ಅಗ್ಗದ ಟಿಕೆಟ್ಟಿನ ಬೆಲೆಯ ಒಂದು ಭಾಗವನ್ನು ಲಾರಿಯ ಹೊಗೆಯ ರೂಪದಲ್ಲಿ ಕಟ್ಟುತ್ತಿದ್ದೇವೆ ಎಂದರೆ ಅತಿಶಯೋಕ್ತಿ ಆಗಲಾರದು.

"ನಷ್ಟ" ಎಂಬ ಪದವನ್ನು ಬೇಕಾದ ಹಾಗೆ ಹಿಗ್ಗಿಸಿ ಕುಗ್ಗಿಸಲು ಬರುತ್ತದೆ ಎಂಬುದಕ್ಕೆ ಆಮ್‌ಟ್ರಾಕ್ ಒಳ್ಳೆಯ ನಿದರ್ಶನ. 2019ರ ಹಣಕಾಸು ವರ್ಷದಲ್ಲಿ ತನ್ನ ನಷ್ಟ ಸುಮಾರು 3 ಕೋಟಿ ಡಾಲರ್ ಮಾತ್ರ, ಕಾರ್ಯಾಚರಣೆಯ ಖರ್ಚಿನ ಶೇ 99ರಷ್ಟನ್ನು ಆದಾಯವೇ ತುಂಬಿತು ಎಂದು ಅದು ಹೇಳಿಕೊಂಡಿತು. ಸುಳ್ಳಲ್ಲ. ಆದರೆ ಆ ಲೆಕ್ಕದಲ್ಲಿ ಸವಕಳಿ ಇಲ್ಲ, ರಾಜ್ಯ ಸರ್ಕಾರಗಳು ಕೊಟ್ಟ ಹಣವನ್ನು ಆದಾಯದ ಸಾಲಿಗೆ ಸೇರಿಸಲಾಗಿದೆ. ಸವಕಳಿ ಸೇರಿಸಿದರೆ ನಷ್ಟ ಹಲವು ಪಟ್ಟು ಏರುತ್ತದೆ. ಆಮ್‌ಟ್ರಾಕ್ ಪರವಿದ್ದವರು ಮೊದಲ ಸಂಖ್ಯೆ ಹಿಡಿದರು, ವಿರುದ್ಧ ಇದ್ದವರು ಎರಡನೆಯದನ್ನು ಹಿಡಿದರು. ಎರಡೂ ಕಡೆಯವರ ಕೈಯಲ್ಲಿ ಇದ್ದದ್ದು ಅದೇ ಸಂಸ್ಥೆಯ ಪುಸ್ತಕ.

ಉಳಿತಾಯದ ವೇಷ

ಹಳಿಯ ಖರ್ಚಿನಲ್ಲಿ ಇನ್ನೊಂದು ಅಪಾಯ ಅಡಗಿದೆ. ಚಾಲಕರ ಸಂಬಳ ನಿಲ್ಲಿಸಿದರೆ ನಾಳೆಯೇ ರೈಲು ನಿಲ್ಲುತ್ತದೆ. ಹಳಿಯ ಕೆಲಸ ನಿಲ್ಲಿಸಿದರೆ ನಾಳೆ ಏನೂ ಆಗುವುದಿಲ್ಲ, ಮುಂದಿನ ವರ್ಷವೂ ಬಹುಶಃ ಏನೂ ಆಗುವುದಿಲ್ಲ. ವಾರ್ಷಿಕ ವರದಿಯಲ್ಲಿ ಮಾತ್ರ ಆ ವರ್ಷವೇ ಲಾಭ ಕಾಣುತ್ತದೆ. ಹಾಗಾಗಿ ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಹಳಿ ಬದಲಾವಣೆಗೆ. ಲೆಕ್ಕದಲ್ಲಿ ಉಳಿತಾಯ ಎಂದು ಬರೆದದ್ದು ನೆಲದಲ್ಲಿ ಸಾಲವಾಗಿ ಬೆಳೆಯುತ್ತಿರುತ್ತದೆ.

1990ರ ದಶಕದ ಮಧ್ಯದಲ್ಲಿ ಬ್ರಿಟನ್ ತನ್ನ ರೈಲ್ವೆಯನ್ನು ಹೋಳು ಮಾಡಿ ಮಾರಿತು. ಹಳಿ ರೈಲ್‌ಟ್ರ್ಯಾಕ್ ಎಂಬ ಕಂಪನಿಗೆ, ಬೋಗಿಗಳು ಬಾಡಿಗೆಗೆ ಕೊಡುವ ಮೂರು ಕಂಪನಿಗಳಿಗೆ, ಓಡಿಸುವುದು ಎರಡು ಡಜನ್‌ನಷ್ಟು ಕಂಪನಿಗಳಿಗೆ, ದುರಸ್ತಿ ಗುತ್ತಿಗೆದಾರರಿಗೆ ಹೋಯಿತು. 2000ದ ಅಕ್ಟೋಬರ್ 17ರಂದು ಹ್ಯಾಟ್‌ಫೀಲ್ಡ್ ಬಳಿ ಬಿರುಕು ಬಿಟ್ಟ ಹಳಿ ಚೂರಾಗಿ ರೈಲು ಹಳಿ ತಪ್ಪಿತು, ನಾಲ್ವರು ಸತ್ತರು. ಅಂಥ ಬಿರುಕು ಬೇರೆಲ್ಲಿ ಇದೆ ಎಂಬುದು ರೈಲ್‌ಟ್ರ್ಯಾಕಿಗೆ ಸರಿಯಾಗಿ ಗೊತ್ತಿರಲಿಲ್ಲ, ಏಕೆಂದರೆ ಹಳಿಯನ್ನು ಕಣ್ಣಾರೆ ನೋಡುತ್ತಿದ್ದವರು ಗುತ್ತಿಗೆದಾರರು. ಭಯಬಿದ್ದು ದೇಶದಾದ್ಯಂತ ನೂರಾರು ಕಡೆ ವೇಗ ಮಿತಿ ಹಾಕಿದರು. ರೈಲುಗಳು ತೆವಳಿದವು, ಪರಿಹಾರ ಕಟ್ಟಿ ಕಟ್ಟಿ ಕಂಪನಿ ಸೋತಿತು. ಒಂದೇ ವರ್ಷದಲ್ಲಿ ಅದು ದಿವಾಳಿ ಕಂಪನಿಗಳನ್ನು ನೋಡಿಕೊಳ್ಳುವ ಆಡಳಿತಾಧಿಕಾರಿಗಳ ಕೈ ಸೇರಿತು, 2002ರಲ್ಲಿ ನೆಟ್‌ವರ್ಕ್ ರೈಲ್ ಎಂಬ ಲಾಭರಹಿತ ಸಂಸ್ಥೆ ಅದರ ಜಾಗಕ್ಕೆ ಬಂತು.

ಹೋಳು ಮಾಡಿದ್ದಕ್ಕೆ ಇನ್ನೊಂದು ಖರ್ಚೂ ಇತ್ತು. ರೈಲು ಹತ್ತು ನಿಮಿಷ ತಡವಾದರೆ ತಪ್ಪು ಯಾರದು, ದಂಡ ಯಾರು ಕಟ್ಟಬೇಕು ಎಂದು ತೀರ್ಮಾನಿಸಲು ಎಲ್ಲ ಕಂಪನಿಗಳಲ್ಲೂ ಪ್ರತ್ಯೇಕ ಸಿಬ್ಬಂದಿ ಬೇಕಾದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿ, ಎರಡರ ನಡುವೆ ವಕೀಲರು ಕುಳಿತರು. 2011ರಲ್ಲಿ ರಾಯ್ ಮೆಕ್‌ನಲ್ಟಿ ಸಮಿತಿ ಲೆಕ್ಕ ಹಾಕಿದಾಗ ಯುರೋಪಿನ ಹೋಲಿಕೆಯ ದೇಶಗಳಿಗಿಂತ ಬ್ರಿಟನ್ನಿನ ರೈಲ್ವೆ ದಕ್ಷತೆಯಲ್ಲಿ ಸುಮಾರು ಶೇ 40ರಷ್ಟು ಹಿಂದೆ ಬಿದ್ದಿತ್ತು. ಅದರ ಕಾರಣಗಳಲ್ಲಿ ಈ ಒಡಕೂ ಒಂದು ಎಂದು ಸಮಿತಿ ಬೊಟ್ಟು ಮಾಡಿತು.

ಸಿಬ್ಬಂದಿ ಕಡಿತದ ಬಗ್ಗೆ ಒಂದು ಮಾತು. ಗಾರ್ಡ್ ಇಲ್ಲದೆ ಚಾಲಕರೇ ಬಾಗಿಲು ಹಾಕುವ ಪದ್ಧತಿಗೆ ಬ್ರಿಟನ್ನಿನಲ್ಲಿ ನಡೆದ ಮುಷ್ಕರಗಳು ವರ್ಷಗಟ್ಟಲೆ ಎಳೆದವು. ಪ್ಯಾರಿಸ್ ಮೆಟ್ರೊದ ಒಂದನೇ ಮಾರ್ಗ 2012ರ ಕೊನೆಯ ಹೊತ್ತಿಗೆ ಪೂರ್ತಿ ಚಾಲಕರಿಲ್ಲದೆ ಓಡತೊಡಗಿತು. ಚಾಲಕರಿಲ್ಲದ ಮೆಟ್ರೊದ ನಿಜವಾದ ಲಾಭ ಉಳಿದ ಸಂಬಳಕ್ಕಿಂತ ದೊಡ್ಡದು ಎಂದು ನನಗನ್ನಿಸುತ್ತದೆ: ಜನ ಹೆಚ್ಚಾದ ಹೊತ್ತಿಗೆ ಯಾರ ಪಾಳಿಯನ್ನೂ ಕೇಳದೆ ಇನ್ನೊಂದು ರೈಲು ಬಿಡಬಹುದು. ಆದರೆ ಜಾನುವಾರು, ಲೆವೆಲ್ ಕ್ರಾಸಿಂಗ್, ಬಿದ್ದ ಮರ ಇರುವ ತೆರೆದ ಮಾರ್ಗಕ್ಕೆ ಈ ಪಾಠ ಅನ್ವಯಿಸುವ ಕಾಲ ಇನ್ನೂ ದೂರ.

ಟಿಕೆಟ್ಟೇ ಬೇಡ ಎಂದರೆ?

ಖರ್ಚಿನ ಬಹುಪಾಲು ಸಿದ್ಧವಾಗಿ ನಿಲ್ಲುವುದಕ್ಕೇ ಆಗುವುದಾದರೆ, ನಿಂತ ಮೇಲೆ ಹತ್ತುವವರಿಂದ ದುಡ್ಡು ಕೇಳುವುದೇಕೆ ಎಂದು ಕೆಲವರು ಕೇಳುತ್ತಾರೆ. ಲಕ್ಸೆಂಬರ್ಗ್ 2020ರ ಮಾರ್ಚಿನಿಂದ ದೇಶದ ಎಲ್ಲ ಸಾರ್ವಜನಿಕ ಸಾರಿಗೆಯನ್ನು ಉಚಿತ ಮಾಡಿತು, ರೈಲಿನ ಪ್ರಥಮ ದರ್ಜೆಯೊಂದನ್ನು ಬಿಟ್ಟು. ಅಲ್ಲಿ ಟಿಕೆಟ್ಟಿನಿಂದ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 4 ಕೋಟಿ ಯೂರೊ, ಒಟ್ಟು ಖರ್ಚು 50 ಕೋಟಿಯ ಆಚೆ. ಇಷ್ಟು ಕಡಿಮೆ ಬರುವ ಕಡೆ ಟಿಕೆಟ್ ಯಂತ್ರ, ತಪಾಸಣೆ, ದಂಡ ವಸೂಲಿ ಎಲ್ಲ ಇಟ್ಟುಕೊಳ್ಳುವುದರಲ್ಲಿ ಅರ್ಥ ಕಡಿಮೆ. ಜರ್ಮನಿ ಇನ್ನೊಂದು ಮಾದರಿ ಹಿಡಿಯಿತು: 2023ರ ಮೇ ತಿಂಗಳಿಂದ 49 ಯೂರೊ ಕೊಟ್ಟರೆ ಇಡೀ ತಿಂಗಳು ದೇಶದ ಎಲ್ಲ ಪ್ರಾದೇಶಿಕ ರೈಲುಗಳಲ್ಲಿ ಓಡಾಡಬಹುದಾದ ಟಿಕೆಟ್ ಬಂತು. ಕೊರತೆ ಯಾರು ತುಂಬಬೇಕು ಎಂದು ಕೇಂದ್ರ ಮತ್ತು ರಾಜ್ಯಗಳು ಅಂದಿನಿಂದ ಜಗ್ಗಾಡುತ್ತಲೇ ಇವೆ, 2025ರ ಜನವರಿಯಲ್ಲಿ ದರ 58 ಯೂರೊಗೆ ಏರಿತು. ಖಾಲಿ ಸೀಟಿಗೆ ಈ ಟಿಕೆಟ್ ಅದ್ಭುತ. ಬೆಳಿಗ್ಗೆ ಎಂಟೂವರೆಯ ರೈಲಿಗೆ ಇನ್ನಷ್ಟು ಜನರನ್ನು ತಳ್ಳಿದರೆ ಅದೇ ಟಿಕೆಟ್ಟು ಹೊಸ ರೈಲು, ಹೊಸ ಪ್ಲಾಟ್‌ಫಾರ್ಮ್ ಕೇಳುತ್ತದೆ.

ಹಾಂಗ್‌ಕಾಂಗ್ ಮೆಟ್ರೊ, ಜಪಾನಿನ ಖಾಸಗಿ ರೈಲ್ವೆಗಳು ಲಾಭ ಮಾಡುತ್ತಿಲ್ಲವೇ ಎಂದು ಈ ಚರ್ಚೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಮಾಡುತ್ತಿವೆ. ನಿಲ್ದಾಣದ ಮೇಲೆ, ಸುತ್ತ ಎದ್ದ ಕಟ್ಟಡಗಳು, ಮಳಿಗೆಗಳು ಅವಕ್ಕೇ ಸೇರಿವೆ. ರೈಲು ಬಂದದ್ದರಿಂದ ಏರಿದ ಭೂಮಿಯ ಬೆಲೆಯಲ್ಲಿ ಒಂದು ಪಾಲು ರೈಲಿಗೇ ಮರಳುವ ಏರ್ಪಾಡು ಅದು. ಜೊತೆಗೆ ಅಲ್ಲಿನ ಜನಸಾಂದ್ರತೆಯಲ್ಲಿ ಹಳಿ ಒಂದು ಕ್ಷಣವೂ ಸುಮ್ಮನೆ ಮಲಗುವುದಿಲ್ಲ. ಬೇರೆ ಕಡೆ ಆ ಬೆಲೆ ಏರಿಕೆ ಪೂರ್ತಿ ಪಕ್ಕದ ಜಮೀನು ಮಾಲೀಕರ ಜೇಬಿಗೆ ಹೋಗುತ್ತದೆ, ನಷ್ಟ ರೈಲ್ವೆಯ ಹೆಸರಿಗೆ ಬೀಳುತ್ತದೆ.

ಬ್ರಿಟನ್ ಈಗ ಮತ್ತೆ ಹಿಂದಕ್ಕೆ ಹೊರಟಿದೆ. 2024ರ ನವೆಂಬರ್‌ನಲ್ಲಿ ಕಾನೂನು ಮಾಡಿ ಖಾಸಗಿ ಕಂಪನಿಗಳ ಗುತ್ತಿಗೆ ಮುಗಿದ ಹಾಗೆ ಪ್ರಯಾಣಿಕ ಸೇವೆಯನ್ನು ಒಂದೊಂದಾಗಿ ಸರ್ಕಾರದ ಕೈಗೆ ತೆಗೆದುಕೊಳ್ಳುತ್ತಿದೆ. ಓಡಿಸುವ ಕಂಪನಿಗಳು ಮಾಡಿಕೊಳ್ಳುತ್ತಿದ್ದ ಲಾಭ ಆದಾಯದ ಶೇ 2ರ ಆಸುಪಾಸು, ಅದು ಉಳಿಯುತ್ತದೆ. ಬೋಗಿಗಳ ಬಾಡಿಗೆ ಖಾಸಗಿಯವರಿಗೇ ಹೋಗುತ್ತಲೇ ಇರುತ್ತದೆ. ಹೋಳುಗಳನ್ನು ಒಂದು ಮಾಡಿದ್ದರಿಂದ ವಕೀಲರ ಖರ್ಚು ಇಳಿದರೆ ಅದೇ ದೊಡ್ಡ ಗಳಿಕೆ. ಹೊಸ ಕಾನೂನಿನಡಿ ಮೊದಲು ಸರ್ಕಾರದ ವಶಕ್ಕೆ ಬಂದದ್ದು ಸೌತ್ ವೆಸ್ಟರ್ನ್ ರೈಲ್ವೆ. ಅದಕ್ಕೆಂದು 2017ರಲ್ಲಿ ಹೇಳಿಟ್ಟ 90 ಹೊಸ ರೈಲುಗಳಲ್ಲಿ ಮೊದಲನೆಯದು ಪ್ರಯಾಣಿಕರನ್ನು ಹತ್ತಿಸಿಕೊಂಡದ್ದೇ 2024ರ ಜನವರಿಯಲ್ಲಿ, ಮಾಲೀಕತ್ವ ಬದಲಾಗುವ ಹೊತ್ತಿಗೂ ಓಡುತ್ತಿದ್ದವು ಬೆರಳೆಣಿಕೆಯಷ್ಟು. 2025ರ ಮೇ 25, ಭಾನುವಾರ ನಸುಕಿನಲ್ಲಿ ವೋಕಿಂಗ್‌ನಿಂದ ಲಂಡನ್ನಿಗೆ ಸರ್ಕಾರಿ ಒಡೆತನದ ಮೊದಲ ಸೇವೆ ಹೊರಟಿತು. ಕ್ಯಾಮೆರಾ ಹಿಡಿದ ಪತ್ರಕರ್ತರು, ರೈಲು ಪ್ರೇಮಿಗಳು ಹತ್ತಿದ್ದರು. ಹಳಿ ದುರಸ್ತಿ ನಡೆಯುತ್ತಿದ್ದುದರಿಂದ ದಾರಿಯ ಒಂದು ಭಾಗಕ್ಕೆ ಎಲ್ಲರೂ ಬಸ್ಸಿನಲ್ಲಿ ಹೋಗಬೇಕಾಯಿತು.